ಓದುಗರ ಪ್ರಶ್ನೆ: ಮನೆಯದ್ದು, ನೆರೆಮನೆಯದ್ದು

ಈ ಸಲದ ಪ್ರಶ್ನೆಗಳೆಲ್ಲ ಗಡಿಯವು. ಕಾಸರಗೋಡಿನಿಂದ ಬಂದವೇ ಹೆಚ್ಚು. ತಮಿಳುನಾಡಿನ ಹೊಸೂರು, ಮಹಾರಾಷ್ಟ್ರದ ಅಕ್ಕಲಕೋಟೆ ಕಡೆಯದ್ದು ಒಂದೊಂದು. ಹೆಸರು ಬೇಡವೆಂದು ಹಲವರು ಬರೆದಿದ್ದರಿಂದ ಎಲ್ಲರದ್ದೂ ಊರು ಮಾತ್ರ ಹಾಕಿದ್ದೇವೆ. ಭಾಷೆ, ಹಬ್ಬ, ಮದ್ದು, ಲಿಪಿ ಎಂದು ಆಯಾ ವಿಷಯ ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ನಮ್ಮದು ಹವ್ಯಕ ಮನೆ, ಒಳಗೆ ಹವ್ಯಕ ಮಾತು. ತೋಟದ ಕೆಲಸಕ್ಕೆ ಬರುವವರೊಡನೆ ತುಳು, ಶಾಲೆಯಲ್ಲಿ ಕನ್ನಡ, ಬಸ್ಸು ಅಂಗಡಿಗಳಲ್ಲಿ ಮಲಯಾಳ. ಎರಡನೇ ಕ್ಲಾಸಿನ ಮಗ ಒಂದೇ ವಾಕ್ಯದಲ್ಲಿ ಎಲ್ಲವನ್ನೂ ಸೇರಿಸಿಬಿಡುತ್ತಾನೆ. ಯಾವುದೂ ನೆಟ್ಟಗೆ ಬಾರದೆ ಹೋದೀತೇ? ಒಂದನ್ನು ನಿಲ್ಲಿಸಬೇಕೇ? (ಬದಿಯಡ್ಕ)

ಯಾವುದನ್ನೂ ನಿಲ್ಲಿಸಬೇಡಿ. ನಾಲ್ಕು ಮಾತಿನ ನಡುವೆ ಬೆಳೆಯುವ ಮಗು ಯಾರೊಡನೆ ಯಾವುದು ಎಂಬುದನ್ನು ಮೂರು ನಾಲ್ಕು ವರ್ಷಕ್ಕೇ ವಿಂಗಡಿಸಿಕೊಂಡಿರುತ್ತದೆ. ಅಜ್ಜಿಯ ಹತ್ತಿರ ಅವನು ಮಲಯಾಳದಲ್ಲಿ ನೀರು ಕೇಳುವುದಿಲ್ಲ, ಗಮನಿಸಿ. ಬೆರಕೆ ಬರುವುದು ಆ ಕ್ಷಣಕ್ಕೆ ಬೇಕಾದ ಶಬ್ದ ಒಂದು ಭಾಷೆಯಲ್ಲಿ ಮಾತ್ರ ಕೈಗೆ ಸಿಕ್ಕಾಗ. ಒಂದೊಂದೇ ಭಾಷೆಯಲ್ಲಿ ಎಣಿಸಿದರೆ ಇಂಥ ಮಕ್ಕಳ ಶಬ್ದಸಂಪತ್ತು ಕಡಿಮೆ ಕಾಣುತ್ತದೆ. ಎಲ್ಲವನ್ನೂ ಕೂಡಿಸಿ ಎಣಿಸಿದರೆ ಬೇರೆ ಮಕ್ಕಳಿಗಿಂತ ಹಿಂದಿರುವುದಿಲ್ಲ.

ಮಾಡಬೇಕಾದದ್ದು ಇಷ್ಟು. 'ಅಪ್ಪಾ, ಕಡೆಯಿಂದ ಮಿಠಾಯಿ ವಾಙ್ಙಿ ಬಾ' ಎಂದರೆ ಗದರಿಸಬೇಡಿ, 'ಸರಿಯಾಗಿ ಹೇಳು' ಎಂದು ತಡೆಯಲೂಬೇಡಿ. 'ಅಂಗಡಿಯಿಂದ ಮಿಠಾಯಿ ತರಬೇಕಾ? ಎಷ್ಟು?' ಎಂದು ಅದೇ ಮಾತನ್ನು ಮನೆಯ ಭಾಷೆಯಲ್ಲಿ ಹಿಂದಿರುಗಿಸಿ, ಮಾತು ಮುಂದುವರಿಸಿ. ತಡೆದ ಮಗು ಮಾತು ಕಡಿಮೆ ಮಾಡುತ್ತದೆ, ಭಾಷೆ ಸುಧಾರಿಸುವುದಿಲ್ಲ.

ನಿಜವಾದ ತೊಂದರೆ ಬೆರಕೆಯಿಂದಲ್ಲ, ಒಂದೇ ರೂಪದ ಶಬ್ದಗಳಿಂದ. ಕನ್ನಡ, ಮಲಯಾಳ ಎರಡಕ್ಕೂ ಸಂಸ್ಕೃತದಿಂದ ಬಂದ ಶಬ್ದಗಳು ಬೇರೆ ಬೇರೆ ಕಡೆಗೆ ಹೊರಳಿವೆ. ಮಲಯಾಳದ 'ಸಂಸಾರ' ಎಂದರೆ ಮಾತು, ನಮ್ಮದು ಹೆಂಡತಿ ಮಕ್ಕಳು. ಅವರ 'ಅಪೇಕ್ಷ' ನಮ್ಮ ಅರ್ಜಿ. ಅವರ 'ಅವಕಾಶ' ನಮ್ಮ ಹಕ್ಕು. ಹಾಗಾಗಿ ಆಫೀಸಿನ ಗೋಡೆಯ ಮೇಲಿನ 'ವಿವರಾವಕಾಶ' ಮಾಹಿತಿ ಹಕ್ಕು. ಎಲ್ಲಕ್ಕಿಂತ ತಮಾಷೆಯದು 'ಸಮ್ಮಾನ' ಮತ್ತು 'ಬಹುಮಾನ': ಮಲಯಾಳದಲ್ಲಿ ಸಮ್ಮಾನ ಕೈಗೆ ಕೊಡುವಂಥದ್ದು, ಬಹುಮಾನ ಮನಸ್ಸಿನಲ್ಲಿಡುವ ಗೌರವ. ಕನ್ನಡದಲ್ಲಿ ಸರಿಯಾಗಿ ತಿರುಗುಮುರುಗು. ಮಲಯಾಳದಿಂದ ಅವಸರದಲ್ಲಿ ಅನುವಾದವಾದ ಕನ್ನಡ ನೋಟೀಸುಗಳು ಎಡವುವುದು ಇಂಥಲ್ಲೇ. ಮಕ್ಕಳಿಗೆ ಇದನ್ನು ಆಟವಾಗಿ ಕಲಿಸಬಹುದು. ತುಳುವಿನ 'ಪಿಲಿ' ಹುಲಿ, ಮಲಯಾಳದ 'ಪುಲಿ' ಚಿರತೆ, ಅವರ ಹುಲಿ 'ಕಡುವ'. ಹಾಲು, ಹಲ್ಲು, ಹೂವು ಮಲಯಾಳದಲ್ಲಿ ಪಾಲ್, ಪಲ್ಲ್, ಪೂವ್. ಹಳಗನ್ನಡದಲ್ಲೂ ಇದ್ದ 'ಪ' ನಮ್ಮಲ್ಲಿ 'ಹ' ಆಯಿತು, ಅವರಲ್ಲಿ ಉಳಿಯಿತು. ಈ ಒಂದು ಸೂತ್ರ ಹಿಡಿಸಿದರೆ ಹತ್ತಿಪ್ಪತ್ತು ಶಬ್ದ ಅವನೇ ಕಂಡುಹಿಡಿಯುತ್ತಾನೆ.

ಮಾತು ತಾನಾಗಿ ಬಂದರೂ ಓದು ಹಾಗೆ ಬರುವುದಿಲ್ಲ. ಕೇರಳದಲ್ಲಿ 2017ರ ಕಾಯ್ದೆಯಿಂದ ಹತ್ತನೆಯವರೆಗೆ ಮಲಯಾಳ ಕಲಿಕೆ ಕಡ್ಡಾಯವಾಗಿರುವುದರಿಂದ ಆ ಓದನ್ನು ಶಾಲೆ ನೋಡಿಕೊಳ್ಳುತ್ತದೆ. ಕನ್ನಡದ್ದು ಪಠ್ಯಪುಸ್ತಕಕ್ಕೇ ನಿಂತುಬಿಡುವ ಭಯವುಂಟು. ದಿನಕ್ಕೆ ಹದಿನೈದು ನಿಮಿಷ, ಪಾಠವಲ್ಲದ ಏನನ್ನಾದರೂ, ಗಟ್ಟಿಯಾಗಿ ಓದಿಸಿ. ಮದುವೆ ಕಾಗದವಾದರೂ ಸರಿ, ಯಕ್ಷಗಾನದ ಕರಪತ್ರವಾದರೂ ಸರಿ.

ಸೊಸೆ ಚಂದ್ರಗಿರಿ ಹೊಳೆಯ ಆಚೆಯವಳು, ಮಲಯಾಳ ಮನೆಯವಳು. ವಿಷುವಿಗೆ ಅವರ ಕ್ರಮದ ಕಣಿ ಇಡುತ್ತೇನೆ ಅತ್ತೆ ಎನ್ನುತ್ತಾಳೆ. ನಮ್ಮದು ಬಿಸು ಕಣಿ. ಎರಡು ಕಣಿ ಇಡಬಹುದೇ? ಸರಿಯಾದ ಕ್ರಮ ಯಾವುದು? (ಕುಂಬಳೆ)

ಹಬ್ಬದ ಬೆಳಗ್ಗೆ ಕಣ್ಣುಬಿಟ್ಟ ಕೂಡಲೇ ಕಾಣಬೇಕೆಂದು ಜೋಡಿಸಿಡುವ ಮಂಗಳವಸ್ತುಗಳೇ ಕಣಿ. ಎರಡಿಡುವ ಅಗತ್ಯ ಕಾಣುವುದಿಲ್ಲ, ಎರಡರ ಎಲುಬುಗೂಡೂ ಒಂದೇ. ಸೂರ್ಯ ಮೇಷಕ್ಕೆ ಬರುವ ಸಂಕ್ರಮಣ, ಅಕ್ಕಿ, ಸೌತೆ, ತೆಂಗಿನಕಾಯಿ, ಹಣ್ಣು, ವೀಳ್ಯ ಅಡಕೆ, ಬಂಗಾರ, ಕನ್ನಡಿ, ದೀಪ. ನಮ್ಮಲ್ಲಿ ಮಣೆಯ ಮೇಲೆ ಬಾಳೆಲೆ ಹಾಕಿಯೋ ತಡ್ಪೆಯಲ್ಲೋ (ಮೊರ) ಇಡುತ್ತೇವೆ, ಅವರು ಕಂಚಿನ ಉರುಳಿಯಲ್ಲಿ ಇಡುತ್ತಾರೆ. ಅವರಿಗೆ ಕೊನ್ನೆ ಹೂ ಇಲ್ಲದೆ ಆಗದು, ಕೃಷ್ಣನ ಮೂರ್ತಿಯೂ ಬೇಕು. ನಮ್ಮವರಿಗೆ ತೋಟದಲ್ಲಿ, ಗದ್ದೆಯಲ್ಲಿ ಬೆಳೆದದ್ದು ಮುಖ್ಯ. ಉರುಳಿ ಸೊಸೆಯದ್ದಾಗಲಿ, ಅದರ ಕೆಳಗಿನ ಬಾಳೆಲೆಯೂ ಬೆಳೆಯೂ ನಿಮ್ಮದಾಗಲಿ.

ಇಡುವ ಕ್ರಮ ಹೀಗೆ. ಹಿಂದಿನ ರಾತ್ರಿ ಎಲ್ಲರ ಊಟವಾದ ಮೇಲೆ ಜಾಗ ಒರೆಸಿ, ಒಣಗಿದ ಮೇಲೆ ಉರುಳಿ ಇಡಿ. ಹತ್ತಂಗುಲ ಬಾಯಿಯ ಉರುಳಿಗೆ ಒಂದೂಕಾಲು ಕಿಲೋ ಬೆಳ್ತಿಗೆ ಅಕ್ಕಿ ಹಾಕಿದರೆ ಅರ್ಧದವರೆಗೆ ಬರುತ್ತದೆ. ತುಂಬ ಹಾಕಿದರೆ ಮೇಲಿಟ್ಟದ್ದು ಉರುಳುತ್ತದೆ. ನಡುವೆ ಸೌತೆ: ಹಣ್ಣಾಗಿ ಹಳದಿಗೆ ತಿರುಗಿದ ಊರ ಸೌತೆ, ತೊಟ್ಟು ಇರುವಂಥದ್ದೇ ಬೇಕು. ತೊಟ್ಟು ಕಿತ್ತುಹೋದ ಜಾಗದಿಂದಲೇ ಕೊಳೆ ಶುರುವಾಗುವುದು, ಏಪ್ರಿಲ್ ಸೆಕೆಗೆ ಬೆಳಗಾಗುವಾಗ ನೀರು ಬಿಟ್ಟಿರುತ್ತದೆ. ತೊಟ್ಟಿರುವ ಸೌತೆಯನ್ನು ಹಬ್ಬ ಮುಗಿದ ಮೇಲೆ ಮಡಲಿನ ಗರಿಯಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿದರೆ ಮಳೆಗಾಲದ ಸಾಂಬಾರಿಗೂ ಆಗುತ್ತದೆ. ತೆಂಗಿನಕಾಯಿ ಹೋಳು ಬೇಕಿದ್ದರೆ ರಾತ್ರಿಯೇ ಒಡೆದಿಡಬೇಡಿ, ಲೋಳೆ ಬರುತ್ತದೆ. ದೀಪ ಹಚ್ಚುವವರು ಎದ್ದ ಮೇಲೆ ಒಡೆಯಲಿ.

ಕೊನ್ನೆ ನಮ್ಮ ಕಕ್ಕೆಯೇ. ಹೂ ಹೆಚ್ಚಿನ ಕಡೆ ಮಾರ್ಚಿನಲ್ಲೇ ಅರಳಿ, ಸಂಕ್ರಮಣದ ಹೊತ್ತಿಗೆ ಉದುರಲು ತೊಡಗಿರುತ್ತದೆ. ಬುಡದ ಹೂ ಅರಳಿ ತುದಿ ಇನ್ನೂ ಮೊಗ್ಗಾಗಿರುವ ಗೊಂಚಲನ್ನು ಸಂಜೆ ಕೊಯ್ದು, ಕಾಂಡಕ್ಕೆ ಮಾತ್ರ ಒದ್ದೆ ಬಟ್ಟೆ ಸುತ್ತಿಡಿ. ಎಸಳಿಗೆ ನೀರು ಚಿಮುಕಿಸಿದರೆ ಬೆಳಗ್ಗೆ ಕಂದು ಚುಕ್ಕೆ ಬಂದಿರುತ್ತದೆ.

ಕನ್ನಡಿ ಹಿಂದೆ ಇರಲಿ, ತುಸು ಹಿಂದಕ್ಕೆ ವಾಲಿಸಿ. ಕುಳಿತು ಕಣ್ಣುಬಿಟ್ಟವರಿಗೆ ಫಲಗಳ ಮೇಲೆ ತಮ್ಮ ಮುಖ ಕಾಣಬೇಕು. ಕನ್ನಡಿಗೆ ನೇರ ದೀಪ ಇಟ್ಟರೆ ಮುಖದ ಬದಲು ಜ್ವಾಲೆಯೇ ಕಾಣುತ್ತದೆ. ದೀಪ ಬಲಬದಿಗೆ, ಒಂದು ಗೇಣು ಮುಂದೆ. ಮಕ್ಕಳ ಎತ್ತರಕ್ಕೆ ಕನ್ನಡಿ ಸರಿಯಾಗಿದೆಯೇ ಎಂದು ರಾತ್ರಿಯೇ ನೋಡಿಕೊಳ್ಳಿ. ದೊಡ್ಡವರ ಲೆಕ್ಕಕ್ಕೆ ಇಟ್ಟ ಕನ್ನಡಿಯಲ್ಲಿ ಸಣ್ಣವರಿಗೆ ಕಾಣುವುದು ಮನೆಯ ಮಾಡು ಮಾತ್ರ.

ಇನ್ನು ನೀವು ಕೇಳದ ಒಂದು ಮಾತು. ಹಲವು ಮನೆಗಳಲ್ಲಿ ಅತ್ತೆಯೊಬ್ಬರೇ ನಡುರಾತ್ರಿಯಲ್ಲಿ ಎಲ್ಲ ಜೋಡಿಸಿ, ಬೆಳಗ್ಗೆ ಉಳಿದವರ ಕಣ್ಣುಮುಚ್ಚಿ ಕರೆತರುತ್ತಾರೆ. ಹತ್ತು ವರ್ಷ ಕಣಿ ನೋಡಿದ ಮಗಳಿಗೂ ಇಡಲು ಬರುವುದಿಲ್ಲ, ಯಾಕೆಂದರೆ ಇಡುವಾಗ ಅವಳಿಗೆ ನಿದ್ದೆ. ಎಂಟು ವರ್ಷ ದಾಟಿದ ಮಕ್ಕಳಲ್ಲಿ ಒಬ್ಬರನ್ನು ಪ್ರತಿ ವರ್ಷ ಇಡುವ ಕಡೆಗೆ ಸೇರಿಸಿಕೊಳ್ಳಿ. ಕಣಿಯ ಬೆರಗು ಆ ವರ್ಷಕ್ಕೆ ಆ ಮಗುವಿಗೆ ತಪ್ಪುತ್ತದೆ, ಇರಲಿ. ಕೈನೀಟ್ಟದ (ಅಂದು ಹಿರಿಯರು ಕಿರಿಯರಿಗೆ ಕೊಡುವ) ದುಡ್ಡು ಒಂದು ನಾಣ್ಯ ಹೆಚ್ಚು ಕೊಟ್ಟರಾಯಿತು.

ಮನೆಯಲ್ಲಿ ಚಾಂದ್ರಮಾನ ಯುಗಾದಿ, ಅಕ್ಕಪಕ್ಕದ ತಮಿಳರದ್ದು ಏಪ್ರಿಲ್ 14. ಕಾಸರಗೋಡಿನ ಕನ್ನಡಿಗರೂ ಏಪ್ರಿಲ್‌ನಲ್ಲೇ ಮಾಡುತ್ತಾರೆಂದು ಕೇಳಿದೆ. ಅದು ಕೇರಳಕ್ಕೆ ಸೇರಿದ ಮೇಲೆ ಬಂದದ್ದೇ? (ಹೊಸೂರು)

ಅಲ್ಲ. ತುಳುನಾಡಿನ ಪಂಚಾಂಗ ಮೊದಲಿನಿಂದಲೂ ಸೌರ. ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ ಎಂಬ ತಿಂಗಳುಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ ನಡೆಯುತ್ತವೆ. ಉಡುಪಿಯಲ್ಲೂ ಮಂಗಳೂರಿನಲ್ಲೂ ಹಾಗೆಯೇ. ಪಗ್ಗುವಿನ ಮೊದಲ ದಿನವೇ ಬಿಸು. ನಿಮ್ಮದು ಚಂದ್ರನ ಲೆಕ್ಕ: ಹನ್ನೆರಡು ತಿಂಗಳಿಗೆ ಸುಮಾರು 354 ದಿನ, ಸೌರವರ್ಷಕ್ಕಿಂತ ಹನ್ನೊಂದು ದಿನ ಕಡಿಮೆ. ಹಿಂದೆ ಬೀಳುವುದನ್ನು ಸರಿದೂಗಿಸಲು ಹೆಚ್ಚುಕಡಿಮೆ 33 ತಿಂಗಳಿಗೊಮ್ಮೆ ಅಧಿಕಮಾಸ. ಅದರಿಂದಲೇ ನಿಮ್ಮ ಯುಗಾದಿ ಮಾರ್ಚ್–ಏಪ್ರಿಲ್ ನಡುವೆ ಓಡಾಡುತ್ತದೆ, ಅವರದ್ದು 14 ಅಥವಾ 15ಕ್ಕೆ ನಿಂತಿರುತ್ತದೆ.

ಆಟಿ ಅಮಾವಾಸ್ಯೆಯ ಹಾಲೆ ತೊಗಟೆಯ ಮದ್ದು ಅಜ್ಜ ಮಾಡುತ್ತಿದ್ದರು, ಈಗ ಅವರಿಲ್ಲ. ನಾವು ಪೇಟೆಯಲ್ಲಿ ಬೆಳೆದವರು. ಕಲಿತು ಮಾಡಬೇಕೆಂದಿದೆ. ಹೇಗೆ? (ಮಂಜೇಶ್ವರ)

ಮೊದಲ ವರ್ಷ ಪುಸ್ತಕ ನೋಡಿಯೋ ಫೋನು ನೋಡಿಯೋ ಮಾಡಬೇಡಿ. ಮರ ಬಲ್ಲ ಒಬ್ಬರ ಜೊತೆ ಹೋಗಿ, ನೋಡಿ ಬನ್ನಿ. ಕಾರಣ ಹೇಳುತ್ತೇವೆ.

ನಸುಕಿನ ಕತ್ತಲಿಗೆ ಹೋಗಬೇಕು, ಕತ್ತಿ ತಾಗಿಸದೆ ಕಲ್ಲಿನಿಂದ ಗುದ್ದಿ ತೊಗಟೆ ತೆಗೆಯಬೇಕು, ಖಾಲಿ ಹೊಟ್ಟೆಗೆ ಕುಡಿಯಬೇಕು ಎಂಬ ಕ್ರಮಗಳು ಎಲ್ಲರ ಬಾಯಲ್ಲೂ ಇವೆ. ಯಾವ ಮರ ಎಂಬುದು ಮಾತ್ರ ಕಡಿಮೆ ಜನರ ಕಣ್ಣಲ್ಲಿದೆ. ಮಳೆಯ ಕತ್ತಲಲ್ಲಿ ಬೇರೆ ಮರದ ತೊಗಟೆ ತಂದು ಕುಡಿದು ಜೀವಕ್ಕೇ ಅಪಾಯವಾದದ್ದುಂಟು. ಅದರಲ್ಲೂ ಕಾಸರಕನ ಮರ ಸಿಕ್ಕಿಬಿಟ್ಟರೆ ಕಷ್ಟ. ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ. ಕಾಸರಗೋಡಿನ ಹೆಸರೇ ಆ ಮರದಿಂದ ಬಂತೆನ್ನುವವರೂ ಇದ್ದಾರೆ, ಅಷ್ಟು ಸಾಮಾನ್ಯ ಇಲ್ಲಿ. ಆದ್ದರಿಂದ ಮರವನ್ನು ಹಿಂದಿನ ಹಗಲಿಗೇ ಗುರುತಿಸಿ ಕಾಂಡಕ್ಕೊಂದು ನೂಲು ಕಟ್ಟಿ ಬನ್ನಿ.

ಗುರುತು: ಹಾಲೆಯಲ್ಲಿ ಎಲೆಗಳು ಒಂದೇ ಗಿಣ್ಣಿನಿಂದ ಛತ್ರಿಯ ಕಡ್ಡಿಗಳಂತೆ ಸುತ್ತಲೂ ಹೊರಡುತ್ತವೆ, ಹೆಚ್ಚಾಗಿ ಏಳು, ಐದಾರೂ ಇರಬಹುದು, ಎಂಟೂ ಇರಬಹುದು. ಎಲೆ ಮುರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕನ ಎಲೆ ಹೊಳಪಿನದು, ಗಿಣ್ಣಿಗೆ ಎರಡೇ, ಎದುರುಬದುರಾಗಿ. ಬುಡದಿಂದಲೇ ಮೂರೋ ಐದೋ ನರಗಳು ಎದ್ದು ಕಾಣುತ್ತವೆ. ಹಾಲು ಇಲ್ಲ. ಹಾಲೆಯನ್ನು ತುಳುವಿನಲ್ಲಿ ಬರೀ 'ಪಾಲೆ' ಎನ್ನುತ್ತೇವೆ. ಮಲಯಾಳದವರು 'ಏಳಿಲಂಪಾಲ' ಎನ್ನುತ್ತಾರೆ. ಏಳೆಲೆಯ ಹಾಲೆ ಎಂದರ್ಥ. ಮಕ್ಕಳಿಗೆ ಆ ಹೆಸರನ್ನೇ ಕಲಿಸಿ, ಗುರುತು ಹೆಸರಿನೊಳಗೇ ಇದೆ. ಸುತ್ತೆಲೆ, ಹಾಲು ಎರಡರಲ್ಲಿ ಒಂದು ಕಾಣದಿದ್ದರೂ ಆ ವರ್ಷ ಮದ್ದು ಬೇಡ, ಮೆಂತೆ ಗಂಜಿ ಮಾತ್ರ ಉಣ್ಣಿ.

ನಾಲ್ವರಿಗೆ ಅಂಗೈಯಗಲದ ಒಂದು ತುಂಡು ತೊಗಟೆ ಧಾರಾಳ. ಹೊರಗಿನ ಒರಟು ಸಿಪ್ಪೆ ಹೆರೆದು, ಒಳತೊಗಟೆಯನ್ನು ಎಂಟು ಹತ್ತು ಕಾಳುಮೆಣಸು, ಐದಾರು ಎಸಳು ಬೆಳ್ಳುಳ್ಳಿ, ಅರ್ಧ ಚಮಚ ಓಮದೊಡನೆ ಅರೆಯುವ ಕಲ್ಲಿನಲ್ಲಿ ಜಜ್ಜಿ, ನೀರು ಸೇರಿಸಿ ಅರೆದು ಬಟ್ಟೆಯಲ್ಲಿ ಸೋಸಿ. ಆಮೇಲೆ ಕೆಂಡದಲ್ಲಿ ಕೆಂಪಗೆ ಕಾದ ಬೊಳ್ಳುಕಲ್ಲನ್ನು (ಬೆಣಚುಕಲ್ಲು) ಅದರೊಳಗೆ ಬಿಡುವುದು. ಕಲ್ಲು ಒದ್ದೆಯಿದ್ದರೆ ಕೆಂಡದಲ್ಲೇ ಸಿಡಿಯುತ್ತದೆ. ಎರಡು ದಿನ ಮೊದಲೇ ತಂದು ಒಲೆಯ ಪಕ್ಕ ಒಣಗಿಸಿ. ಪಾತ್ರೆ ದಪ್ಪ ತಳದ ಕಂಚು ಅಥವಾ ಸ್ಟೀಲಿನದಿರಲಿ, ಮಕ್ಕಳು ದೂರವಿರಲಿ. ದೊಡ್ಡವರಿಗೆ ಮೂವತ್ತು ಮಿಲಿ ಸಾಕು, ಮಕ್ಕಳಿಗೆ ನಾಲಗೆಗೆ ತಾಗಿಸಿದರಾಯಿತು. ಬಸುರಿಯರು, ದಿನಾ ಔಷಧಿ ನುಂಗುವವರು ಡಾಕ್ಟರನ್ನು ಕೇಳದೆ ಕುಡಿಯಬಾರದು.

ಮದ್ದು ಉಷ್ಣ ಎಂದು ಆಮೇಲೆ ಮೆಂತೆ ಗಂಜಿ. ಒಂದು ಲೋಟ ಅಕ್ಕಿಗೆ ರಾತ್ರಿ ನೆನೆಸಿದ ಎರಡು ದೊಡ್ಡ ಚಮಚ ಮೆಂತೆ, ಬೆಂದ ಮೇಲೆ ಬೆಲ್ಲ, ಇಳಿಸುವ ಮುಂಚೆ ತೆಂಗಿನ ಹಾಲು. ಹಾಲು ಹಾಕಿ ಕುದಿಸಿದರೆ ಒಡೆಯುತ್ತದೆ. ಮಲಯಾಳದ ನೆರೆಯವರು ಇದೇ ತಿಂಗಳನ್ನು ಕರ್ಕಿಟಕ ಎಂದು ಕರೆದು ಮೆಂತೆ ಹಾಕಿದ ಕರ್ಕಿಟಕ ಗಂಜಿ ಉಣ್ಣುತ್ತಾರೆ; ಅವರ ಕ್ರಮದಲ್ಲಿ ಒಂದೇ ದಿನಕ್ಕೆ ನಿಲ್ಲುವುದಿಲ್ಲ. ನೀವು ಅವರಿಂದ ಅದನ್ನು ತೆಗೆದುಕೊಂಡರೆ ನಷ್ಟವೇನಿಲ್ಲ.

ಎಂ.ಎ. ವಿದ್ಯಾರ್ಥಿನಿ. ತನ್ನ ಸಂಸ್ಕೃತಿ ಕಲಿಯುವುದಕ್ಕೆ, ಬೇರೆಯದನ್ನು ಒಳಗೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ಎರಡು ಶಬ್ದಗಳಿವೆ. ಕನ್ನಡ ನೋಟ್ಸಿನಲ್ಲಿ ಎರಡಕ್ಕೂ 'ಸಂಸ್ಕೃತೀಕರಣ' ಎಂದಿದೆ. ಸರಿಯೇ? (ಕಾಸರಗೋಡು)

ತಪ್ಪು, ಅದೂ ಅಂಕ ಕಳೆಯುವ ತಪ್ಪು. ಸಂಸ್ಕೃತೀಕರಣ ಎಂ.ಎನ್. ಶ್ರೀನಿವಾಸರು ಕೊಡಗಿನ ಅಧ್ಯಯನದಲ್ಲಿ, 1952ರಲ್ಲಿ, ಬೇರೆಯೇ ಅರ್ಥಕ್ಕೆ ತಂದ ಮಾತು: ಕೆಳಗಿನ ಜಾತಿಗಳು ಮೇಲಿನವರ ಆಚಾರ, ಊಟ, ಪೂಜೆ ಅನುಸರಿಸಿ ಮೇಲಕ್ಕೆ ಚಲಿಸುವುದು. ನಿಮ್ಮ ಮೊದಲ ಶಬ್ದ, ಎನ್‌ಕಲ್ಚರೇಶನ್, ಮಾನವಶಾಸ್ತ್ರಜ್ಞ ಹರ್ಸ್ಕೊವಿಟ್ಸ್ 1948ರಲ್ಲಿ ರೂಢಿಗೆ ತಂದದ್ದು. ಹುಟ್ಟಿದ ಮನೆಯದ್ದು ಮೈಗೆ ಹತ್ತುವುದು. ಎರಡನೆಯದು ಅಕಲ್ಚರೇಶನ್. 1936ರಲ್ಲಿ ರೆಡ್‌ಫೀಲ್ಡ್, ಲಿಂಟನ್, ಹರ್ಸ್ಕೊವಿಟ್ಸ್ ಮೂವರೂ ಸೇರಿ ಅದಕ್ಕೆ ಕೊಟ್ಟ ವ್ಯಾಖ್ಯೆಯ ತಿರುಳು: ಬೇರೆ ಬೇರೆ ಸಂಸ್ಕೃತಿಯ ಗುಂಪುಗಳು ಎಡೆಬಿಡದೆ ನೇರ ಸಂಪರ್ಕದಲ್ಲಿದ್ದಾಗ ಒಂದರಲ್ಲಿ ಅಥವಾ ಎರಡರಲ್ಲೂ ಆಗುವ ಮಾರ್ಪಾಡು. 'ಎರಡರಲ್ಲೂ' ಎಂಬುದಕ್ಕೆ ಅಡಿಗೆರೆ ಹಾಕಿ, ಅದನ್ನೇ ಎಲ್ಲರೂ ಬಿಡುವುದು. ಅನುವಾದ ಬೇಕೇಬೇಕೆಂದಿದ್ದರೆ ಒಂದಕ್ಕೆ 'ಸಂಸ್ಕೃತಿ ಕಲಿಕೆ', ಇನ್ನೊಂದಕ್ಕೆ 'ಸಂಸ್ಕೃತಿ ಸಂಪರ್ಕದ ಮಾರ್ಪಾಡು' ಎಂದು ಬರೆದು, ಮೂಲ ಶಬ್ದವನ್ನೂ ಕನ್ನಡ ಲಿಪಿಯಲ್ಲಿ ಕೊಡಿ.

ಅಕಲ್ಚರೇಶನ್ ಬಗ್ಗೆ ಮನಶ್ಶಾಸ್ತ್ರಜ್ಞ ಜಾನ್ ಬೆರಿ ಹೇಳಿದ ನಾಲ್ಕು ದಾರಿಗಳೂ ಪ್ರಶ್ನೆಪತ್ರಿಕೆಯಲ್ಲಿ ಬರುತ್ತವೆ. ಅವನು ಕೇಳುವುದು ಎರಡೇ: ನಿನ್ನದನ್ನು ಉಳಿಸಿಕೊಳ್ಳುತ್ತೀಯಾ? ಇನ್ನೊಬ್ಬರೊಡನೆ ಬೆರೆಯುತ್ತೀಯಾ? ಎರಡಕ್ಕೂ ಹೌದಾದರೆ ಕೂಡುಬಾಳು, ಉಳಿಸದೆ ಬೆರೆತರೆ ಕರಗುವಿಕೆ, ಬೆರೆಯದೆ ಉಳಿಸಿದರೆ ಬೇರೆಯಿರುವಿಕೆ, ಎರಡೂ ಇಲ್ಲವಾದರೆ ಅಂಚಿಗೆ ಸರಿಯುವುದು. ಈ ನಾಲ್ಕರ ಚೌಕ ಅಚ್ಚುಕಟ್ಟು; ಕಾಸರಗೋಡಿಗೆ ಹೊಂದಿಸುವಾಗ ಎಚ್ಚರ ಬೇಕು. ಬೆರಿಯ ಚೌಕವನ್ನು ಹೆಚ್ಚಾಗಿ ಬಳಸುವುದು ಊರು ಬಿಟ್ಟು ಹೋದವರ ಬಗ್ಗೆ. ಇಲ್ಲಿ 1956ರ ನವೆಂಬರ್ 1ರಂದು ಮನುಷ್ಯರು ಕದಲಲಿಲ್ಲ, ಗಡಿ ಕದಲಿತು. ಮದರಾಸು ರಾಜ್ಯದ ದಕ್ಷಿಣ ಕನ್ನಡದಲ್ಲಿ ಮಲಗಿದವರು ಕೇರಳದಲ್ಲಿ ಎದ್ದರು. ಚಂದ್ರಗಿರಿಯಿಂದ ಉತ್ತರದ ಭಾಗ ಮೈಸೂರಿಗೆ ಹೋಗಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದ್ದೂ ಕಾಗದದಲ್ಲಿ ಉಳಿಯಿತು. ಇನ್ನೊಂದು, ಚೌಕ ಓದಿದರೆ ಪ್ರತಿಯೊಬ್ಬರೂ ಕುಳಿತು ಆಯ್ಕೆ ಮಾಡುತ್ತಾರೆ ಎನ್ನಿಸುತ್ತದೆ. ಅರ್ಧ ಆಯ್ಕೆ ಮಾಡುವುದು ಹತ್ತಿರದ ಶಾಲೆಯ ಮಾಧ್ಯಮ, ಸರ್ಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆ, ಬಸ್ಸು ಹೋಗುವ ದಿಕ್ಕು. ಇದನ್ನು ಬರೆದರೆ ಓದುವ ಮೇಷ್ಟರು ಮೆಚ್ಚುತ್ತಾರೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಬೇಕೆಂಬ ಸಂವಿಧಾನದ 350ಎ ವಿಧಿ ಸೇರಿದ್ದೂ 1956ರ ಏಳನೇ ತಿದ್ದುಪಡಿಯಿಂದಲೇ. ಅದನ್ನೂ ಜೋಡಿಸಿ.

ಮನ್ಯಾಗ ಕನ್ನಡಾನೇ ಮಾತಾಡ್ತೀವಿ. ಮಗ ಮರಾಠಿ ಶಾಳಿಯೊಳಗ ಆರನೇತ್ತ. ಕನ್ನಡ ಮಾತು ಬರ್ತದ, ಓದಾಕ ಬರಂಗಿಲ್ಲ. ಮನ್ಯಾಗ ಕಲಿಸಬಹುದೇನ್ರಿ? (ಅಕ್ಕಲಕೋಟೆ ತಾಲ್ಲೂಕು)

ಕಲಿಸಬಹುದು, ಮೂರು ತಿಂಗಳು ಸಾಕು. ಮಾತು ಬರುವ, ಇನ್ನೊಂದು ಲಿಪಿ ಓದುವ ಮಗುವಿಗೆ ಕಲಿಯಲಿರುವುದು ಆಕಾರಗಳನ್ನು ಮಾತ್ರ. ಕ ಖ ಗ ಘ ಕ್ರಮ ದೇವನಾಗರಿಯದ್ದೇ, ಗುಣಿತಾಕ್ಷರದ ತರ್ಕವೂ ಅದೇ. ಆದರೆ 'ಅ ಆ ಇ ಈ'ಯಿಂದ ಶುರುಮಾಡಿ ನಲವತ್ತೊಂಬತ್ತು ಅಕ್ಷರ ಬರೆಸಬೇಡಿ, ಹನ್ನೊಂದು ವರ್ಷದ ಹುಡುಗ ಮೂರನೇ ದಿನ ಎದ್ದು ಹೋಗುತ್ತಾನೆ. ರ, ಗ, ಸ, ದ, ಅ ಐದನ್ನು ಒಂದೇ ದಿನ ತೋರಿಸಿ. ಅವಷ್ಟರಲ್ಲೇ ಸರ, ಅರಸ, ಅಗಸ, ಗರಗಸ ಓದಬಹುದು. ಮೊದಲ ದಿನವೇ ಇಡೀ ಶಬ್ದ ಓದಿದ ಹುಡುಗ ಮರುದಿನ ತಾನಾಗಿ ಬರುತ್ತಾನೆ. ಆಮೇಲೆ ಒಂದನ್ನೊಂದು ಹೋಲುವವನ್ನು ಜೋಡಿಯಾಗಿ: ವ–ಮ, ಪ–ಷ, ದ–ಧ, ಬ–ಭ. ದಿನಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಬೇಡ.

ಮರಾಠಿ ಓದುವವರು ಎಡವುವುದು ಮೂರು ಕಡೆ. ದೇವನಾಗರಿಯಲ್ಲಿ ಎ–ಏ, ಒ–ಓ ಭೇದ ಬರ್ಯಾಂಗಿಲ್ಲ. ಹಾಗಾಗಿ ಬೆಳೆಯನ್ನು ಬೇಳೆ ಎಂದೂ, ಕೆರೆಯನ್ನು ಕೇರೆ ಎಂದೂ ಓದುತ್ತಾನೆ. ಕೆರೆಯಲ್ಲಿ ಈಜಬಹುದು, ಕೇರೆ ಹಾವು. ನಿಮ್ಮ ಹುಡುಗನ ಕಿವಿಗೆ ವ್ಯತ್ಯಾಸ ಗೊತ್ತಿದೆ, ಕಣ್ಣಿಗಿಲ್ಲ. ಇಂಥ ಜೋಡಿಗಳನ್ನು ಚೀಟಿಯಲ್ಲಿ ಬರೆದು ಗಟ್ಟಿಯಾಗಿ ಓದಿಸಿ. ಎರಡನೆಯದು ಅರ್ಕಾವೊತ್ತು. ಮರಾಠಿಯಲ್ಲಿ 'ಧರ್ಮ' ಬರೆದರೆ ರಕಾರದ ಗುರುತು ಮಕಾರದ ತಲೆಯ ಮೇಲೆ ಕೂಡುತ್ತದೆ, ಕನ್ನಡದಲ್ಲಿ ಮಕಾರ ಮುಗಿದ ಮೇಲೆ ಬಾಲದಂತೆ ಬರುತ್ತದೆ. ಓದುವುದು ಮಾತ್ರ ಮೊದಲು. ಇದನ್ನು ಹೇಳಿಕೊಡದಿದ್ದರೆ ಒತ್ತಕ್ಷರ ಇಲ್ಲದ್ದೆಲ್ಲ ಓದಿ ಇಲ್ಲಿ ನಿಂತುಬಿಡುತ್ತಾನೆ. ಮೂರನೆಯದು ಒತ್ತುಗಳು. ಹೆಚ್ಚಿನವು ಅಕ್ಷರದ ತಲೆಕಟ್ಟು ಬಿಟ್ಟ ರೂಪ, ಊಹೆಗೆ ಸಿಗುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮೂಲದಂತಿಲ್ಲ. ಅತ್ತೆ, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ – ಈ ಆರು ಶಬ್ದ ಗೋಡೆಗೆ ಅಂಟಿಸಿದರೆ ಕೆಲಸ ಮುಗಿಯಿತು.

ಪುಸ್ತಕದ ಕನ್ನಡ ಮೊದಲಿಗೇ ಕೊಡಬೇಡಿ. 'ಹೋಗುತ್ತಿದ್ದೇನೆ' ಎಂಬುದು ಅವನ ಮನೆಮಾತಲ್ಲ, 'ಹೊಂಟೀನಿ' ಅವನದ್ದು. ಅವನು ಹೇಳಿದ್ದನ್ನೇ ನೀವು ಬರೆದು ಅವನಿಂದ ಓದಿಸಿ, ಎರಡನೇ ತಿಂಗಳಿಗೆ ಪುಸ್ತಕ. ಅಫಜಲಪುರ, ಇಂಡಿ, ಕಲಬುರಗಿ ಬಸ್ಸುಗಳ ಬೋರ್ಡು ಓದಿಸುವುದು ಒಳ್ಳೆಯ ಪರೀಕ್ಷೆ, ಬಸ್ಸು ನಿಲ್ಲುವುದರೊಳಗೆ ಓದಿ ಮುಗಿಸಬೇಕು. ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧೇಶ್ವರನ ಜಾತ್ರೆಗೆ, ಏಳು ನಂದಿಧ್ವಜಗಳ ಮೆರವಣಿಗೆಗೆ ಹೋಗುವವರಾದರೆ ಸಿದ್ಧೇಶ್ವರನೆಂದು ಪೂಜೆಗೊಳ್ಳುವ ಸಿದ್ಧರಾಮನ ವಚನ ಒಂದೆರಡನ್ನು ಮೊದಲೇ ಓದಿಸಿ ಕರೆದೊಯ್ಯಿರಿ. ಆ ಊರಿನ ದೇವರು ಬರೆದದ್ದು ಕನ್ನಡದಲ್ಲಿ ಎಂಬುದು ಅಲ್ಲಿ ನಿಂತು ಗೊತ್ತಾದರೆ ಬೇರೆ ಪಾಠ ಬೇಕಿಲ್ಲ.

ಮಗಳು ಶಾಲೆಯಲ್ಲಿ ಓಣಂ ಪೂಕಳ (ಹೂವಿನ ರಂಗೋಲಿ) ಮಾಡಿ ಬಹುಮಾನ ತಂದಳು. ಸಂತೋಷವೇ. ಆದರೆ ದೀಪಾವಳಿಗೆ ನಮ್ಮ ಬಲೀಂದ್ರನನ್ನು ಕರೆಯುವ ಕ್ರಮ ಅವಳಿಗೆ ಗೊತ್ತಿಲ್ಲ. ಓಣಂ ಬಂದು ನಮ್ಮದು ಹೋಯಿತೇ? (ನೀರ್ಚಾಲು)

ನಿಮ್ಮ ಬಲೀಂದ್ರನನ್ನು ಓಣಂ ಹೊರಗೆ ಹಾಕಲಿಲ್ಲ. ನಿಮ್ಮ ಅಂಗಳದಲ್ಲಿ ಕರೆಯುವವರು ನಿಲ್ಲಿಸಿದ್ದಾರೆ, ಅಷ್ಟೇ. ಓಣಂಗೆ ಶಾಲೆಯಿದೆ, ಸ್ಪರ್ಧೆಯಿದೆ, ರಜೆಯಿದೆ. ಬಲೀಂದ್ರನಿಗೆ ಇರುವುದು ನಿಮ್ಮ ಮನೆಯ ಹಿರಿಯರೊಬ್ಬರು ಮಾತ್ರ. ಬರುವವನೂ ಬೇರೆಯಲ್ಲ. ಅದೇ ಮಹಾಬಲಿ ಅವರಿಗೆ ಚಿಂಗ ಮಾಸದ ತಿರುವೋಣಕ್ಕೆ ಬರುತ್ತಾನೆ, ನಮಗೆ ದೀಪಾವಳಿಗೆ. ಕಾಸರಗೋಡಿನ ಮಲಯಾಳ ಮನೆಗಳಲ್ಲೂ ತುಲಾ ಮಾಸದಲ್ಲಿ ಹಾಲೆಯ ಕೊಂಬೆ ನೆಟ್ಟು, ದೀಪವಿಟ್ಟು 'ಪೊಲಿಯೇಂದ್ರ' ಎಂದು ಕೂಗುವ ಕ್ರಮವಿದೆ. ಮಗಳ ಗೆಳತಿಯರಲ್ಲಿ ಕೇಳಿಸಿ, ಒಂದಾದರೂ ಮನೆ ಸಿಕ್ಕೀತು.

ಕೂಗಿನ ಪಾಠವನ್ನು ಈಗಲೇ ಹಿಡಿಯಿರಿ, ದೀಪಾವಳಿಯ ಸಂಜೆಗೆ ಕಾಯಬೇಡಿ. ಬೆಣಚುಕಲ್ಲು ಹೂ ಬಿಡುವಾಗ, ಉಪ್ಪು ಕರ್ಪೂರವಾಗುವಾಗ, ಉದ್ದು ಮದ್ದಳೆಯಾಗುವಾಗ ಬಂದು ನಿನ್ನ ರಾಜ್ಯ ಆಳು ಎಂದು ಆಗದ ಹೊತ್ತುಗಳನ್ನು ಹೇಳಿ ಕಳಿಸುವ ಆ ಸಾಲುಗಳು ಮನೆಯಿಂದ ಮನೆಗೆ ಬದಲಾಗುತ್ತವೆ. ಬೇರೆ ಊರಿನ ವಿಡಿಯೋ ನೋಡಿ ಕಲಿತರೆ ಅಜ್ಜಿ 'ನಮ್ಮದು ಹೀಗಲ್ಲ' ಎನ್ನುತ್ತಾರೆ, ಅಲ್ಲಿಗೆ ನಿಂತುಹೋಗುತ್ತದೆ. ಅಜ್ಜಿಯ ಬಾಯಿಂದಲೇ ರೆಕಾರ್ಡು ಮಾಡಿ, ಆದರೆ 'ಹೇಳಿ ಅಜ್ಜಿ' ಎಂದು ಕೂರಿಸಿದರೆ ಅರ್ಧ ಮರೆಯುತ್ತದೆ. ದೀಪ ಹಚ್ಚಿ, ಕೈಗೆ ಅವಲಕ್ಕಿ ಕೊಟ್ಟು ನಿಲ್ಲಿಸಿದರೆ ಸಾಲು ಸಾಲಾಗಿ ಬರುತ್ತದೆ. ಮಗಳು ದಿನಕ್ಕೆರಡು ಸಾಲು ಕಲಿತರೆ ಸಾಕು. ಕೊನೆಯ 'ಕೂ' ಮಾತ್ರ ಅವಳಿಗೆ ಮೊದಲ ದಿನವೇ ಬಿಟ್ಟುಕೊಡಿ. ಗಂಡುಮಕ್ಕಳೇ ಕೂಗಬೇಕೆಂದು ಯಾರಾದರೂ ಹೇಳಬಹುದು. ಮನೆಯಲ್ಲಿ ಕೂಗುವವರು ಎಷ್ಟು ಮಂದಿ ಉಳಿದಿದ್ದಾರೆಂದು ಅವರನ್ನೇ ಕೇಳಿ.

ಬಲೀಂದ್ರನಿಗೆ ನೆಡುವ ಹಾಲೆಯ ಕೊಂಬೆ ಮೊಣಕೈ ದಪ್ಪದ್ದು, ತುದಿ ಕವಲಾದದ್ದು ನೋಡಿ, ಕವಲಿನಲ್ಲಿ ಹಣತೆಯಿಡಬೇಕು. ತುಳಸಿಕಟ್ಟೆಯ ಪಕ್ಕ ಒಂದಡಿ ಆಳ ತೋಡಿ ನೆಟ್ಟು, ಸುತ್ತ ಮಣ್ಣು ಗುದ್ದಿ. ಅಕ್ಟೋಬರಿನ ಮಣ್ಣು ಇನ್ನೂ ಹಸಿಯಿರುವುದರಿಂದ ಸಡಿಲ ನೆಟ್ಟದ್ದು ಎಣ್ಣೆಯ ಭಾರಕ್ಕೆ ವಾಲುತ್ತದೆ. ಕಡಿದ ಕೂಡಲೇ ಹಾಲು ಸುರಿಯುತ್ತದೆ, ಬೆಳಗ್ಗೆ ಕಡಿದು ಒರಗಿಸಿಟ್ಟರೆ ಸಂಜೆಗೆ ನಿಂತಿರುತ್ತದೆ. ಕೈಗೆ ಅಂಟಿದ್ದು ಸಾಬೂನಿಗೆ ಹೋಗುವುದಿಲ್ಲ, ಮೊದಲು ತೆಂಗಿನೆಣ್ಣೆ ಹಚ್ಚಿ ತಿಕ್ಕಬೇಕು.